ಪರ್ಮಿಟ್ ಬೇಡ ಅಂದರೆ ಯಾರಿಗೆ ಬೇಡ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ನಾಲ್ಕು ವರ್ಷದಿಂದ ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ನಲ್ಲಿ ಇದ್ದೇನೆ. ನನ್ನದು ಎಚ್-1ಬಿ ಅನ್ನೋ ಕೆಲಸದ ವೀಸಾ, ಹೆಂಡತಿಯದು ಅದಕ್ಕೆ ಅಂಟಿಕೊಂಡ ಎಚ್-4. ಇಲ್ಲಿ ಪರ್ಮಿಟ್ ಇಲ್ಲದೆಯೇ ಪಿಸ್ತೂಲ್ ಬಚ್ಚಿಟ್ಟುಕೊಂಡು ಓಡಾಡಬಹುದು ಅನ್ನೋ ಕಾನೂನು ಬರುತ್ತಿದೆಯಂತೆ. ಆಫೀಸಿನ ಗೆಳೆಯರು ಬಂದೇಬಿಟ್ಟಿದೆ ಅನ್ನುತ್ತಾರೆ. ನಮ್ಮೂರಲ್ಲೂ ಕೋವಿಗೆ ಲೈಸೆನ್ಸ್ ಬೇಡ. ನಾನು ಹುಟ್ಟಿದಾಗಲೇ ಅಂಗಳದಲ್ಲಿ ಗುಂಡು ಹಾರಿಸಿದ್ದರಂತೆ. ಈ ಕಾನೂನು ಬಂದರೆ ನಾನೂ ಒಂದು ತಗೊಂಡು ಇಟ್ಟುಕೊಳ್ಳಬಹುದಾ? ಮುಂದಿನ ತಿಂಗಳು ಟೀಮಿನವರು ಶೂಟಿಂಗ್ ರೇಂಜಿಗೆ ಕರೆಯುತ್ತಿದ್ದಾರೆ, ಅದಕ್ಕೇನೂ ತೊಂದರೆ ಇಲ್ಲ ತಾನೆ? ಕೊನೆಗೊಂದು, ತಾತನ ಹಳೇ ಕೇಪು ಕೋವಿಯನ್ನು ಇಲ್ಲಿಗೆ ತರೋಕೆ ಆಗುತ್ತಾ?

ಉತ್ತರ: ಮೊದಲು ರೇಂಜಿನ ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ಅದಕ್ಕೆ ತಾರೀಕು ಗೊತ್ತಾಗಿದೆ. ಹೋಗಬೇಡಿ. ಹೋಗಲೇಬೇಕು ಅಂದರೆ ಗಾಜಿನ ಈಚೆ ನಿಂತು ನೋಡಿ, ಕಾಫಿ ಕುಡಿಯಿರಿ, ಗನ್ ಮಾತ್ರ ಕೈಗೆ ತಗೋಬೇಡಿ. ತಮಾಷೆಗೆ ಹೇಳುತ್ತಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಮಸೂದೆ. ನಿಮ್ಮ ಗೆಳೆಯರು ಹೇಳುತ್ತಿರುವುದು ಸೆನೆಟ್ ಬಿಲ್ 50, ಇಲ್ಲಿನವರ ಬಾಯಲ್ಲಿ ಎಸ್ 50. ಇಟ್ಟ ಹೆಸರು 'ಫ್ರೀಡಂ ಟು ಕ್ಯಾರಿ ಎನ್‌ಸಿ'. 2025ರಲ್ಲಿ ಎರಡೂ ಸದನದಲ್ಲಿ ಪಾಸಾಯಿತು. ಕೆಳಮನೆಯಲ್ಲಿ ಜೂನ್‌ನಲ್ಲಿ ಮತ ಬಿದ್ದದ್ದು 59ಕ್ಕೆ 48. ಇದನ್ನು ಕೇಳಿದವರು 'ಬಂದೇಬಿಟ್ಟಿತು' ಅಂದುಕೊಂಡಿದ್ದಾರೆ. ಆದರೆ ಜೂನ್ 20ರಂದು ಗವರ್ನರ್ ಜಾಶ್ ಸ್ಟೈನ್ ವೀಟೊ ಹಾಕಿದರು. ತರಬೇತಿಯೇ ಇಲ್ಲದ ಹದಿನೆಂಟರ ಹುಡುಗರ ಸೊಂಟಕ್ಕೆ ಪಿಸ್ತೂಲ್ ಬರುತ್ತದೆ, ಪೊಲೀಸರಿಗೂ ಅಪಾಯ ಅನ್ನೋದು ಅವರ ವಾದ. ಜುಲೈ ಕೊನೆಯಲ್ಲಿ ಸೆನೆಟ್ ಆ ವೀಟೊವನ್ನು ತಳ್ಳಿಹಾಕಿತು. ಕೆಳಮನೆ ಅವತ್ತು ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಆಮೇಲೆ ದಿನ ಮುಂದೂಡುತ್ತಾ ಬಂದರು.

ಇಲ್ಲಿ ಒಂದು ಲೆಕ್ಕ ಇದೆ. ಕೆಳಮನೆಯಲ್ಲಿ 120 ಸೀಟು, ಸೆನೆಟ್‌ನಲ್ಲಿ 50. ವೀಟೊ ಮುರಿಯೋಕೆ ಐದರಲ್ಲಿ ಮೂರು ಪಾಲು ಬೇಕು. ಎಲ್ಲರೂ ಬಂದಿದ್ದರೆ ಕೆಳಮನೆಯಲ್ಲಿ 72, ಸೆನೆಟ್‌ನಲ್ಲಿ 30. 2024ರ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ಸೆನೆಟ್‌ನಲ್ಲಿ ಸರಿಯಾಗಿ 30 ಸಿಕ್ಕಿತು. ಕೆಳಮನೆಯಲ್ಲಿ 71. ಒಂದೇ ಒಂದು ಕಡಿಮೆ! ಅದರ ಮೇಲೆ ಅವರದೇ ಪಕ್ಷದ ಇಬ್ಬರು ಈ ಮಸೂದೆಗೆ ವಿರುದ್ಧ ಮತ ಹಾಕಿದವರು.

ಹಾಗಾದರೆ ಸತ್ತೇಹೋಯಿತು ಅಂತ ಬಿಟ್ಟುಬಿಡದೆ ಕೆಳಮನೆಯ ಕಲಾಪದ ಪಟ್ಟಿಯಲ್ಲಿ ಯಾಕೆ ಇಟ್ಟುಕೊಂಡಿದ್ದರು? ಅಲ್ಲೇ ಮಜಾ ಇರೋದು. ಐದರಲ್ಲಿ ಮೂರು ಪಾಲು ಅನ್ನೋದು ಒಟ್ಟು ಸದಸ್ಯರ ಲೆಕ್ಕ ಅಲ್ಲ, ಆ ದಿನ ಸದನದಲ್ಲಿದ್ದು ಮತ ಹಾಕಿದವರ ಲೆಕ್ಕ. ಎದುರು ಪಕ್ಷದ, ಅಂದರೆ ಡೆಮಾಕ್ರಾಟರ, ನಾಲ್ಕಾರು ಜನಕ್ಕೆ ಜ್ವರ ಬಂದರೆ, ಇನ್ಯಾರೋ ಮಗಳ ಮದುವೆಗೆ ಹೋಗಿದ್ದರೆ, ಗಣಿತವೇ ಬದಲಾಗುತ್ತದೆ. ಸುಮ್ನೆ ಹೇಳುತ್ತಿಲ್ಲ. 2019ರ ಸೆಪ್ಟೆಂಬರ್ 11ರ ಬೆಳಿಗ್ಗೆ ಇದೇ ಕೆಳಮನೆಯಲ್ಲಿ, ಡೆಮಾಕ್ರಾಟರ ಬೆಂಚುಗಳು ಹೆಚ್ಚುಕಡಿಮೆ ಖಾಲಿ ಇದ್ದಾಗ, ಬಜೆಟ್ ಮೇಲಿನ ವೀಟೊವನ್ನು 55ಕ್ಕೆ 9 ಮತದಲ್ಲಿ ತಳ್ಳಿಹಾಕಿದ್ದರು. ಅವತ್ತಿನ ಗಲಾಟೆ ಇಲ್ಲಿನವರಿಗೆ ಈಗಲೂ ನೆನಪಿದೆ. ಆವತ್ತಿನಿಂದ ಇಂಥ ಮಸೂದೆ ಪಟ್ಟಿಯಲ್ಲಿ ಇದೆ ಅಂದರೆ ಎದುರು ಪಕ್ಷದವರು ಹಾಜರಿ ತಪ್ಪಿಸೋದಿಲ್ಲ. ಅಂದಹಾಗೆ, ಈ ರಾಜ್ಯದಲ್ಲಿ ಗವರ್ನರಿಗೆ ವೀಟೊ ಅನ್ನೋದೇ ಇರಲಿಲ್ಲ. ಕೊಟ್ಟದ್ದು 1996ರಲ್ಲಿ, ಇಡೀ ದೇಶದಲ್ಲಿ ಕೊನೆಯದಾಗಿ.

ನೀವು ಇದನ್ನು ಓದುವ ಹೊತ್ತಿಗೆ ಅದು ಎಲ್ಲಿ ನಿಂತಿದೆ ಅಂತ ಗೆಳೆಯರನ್ನು ಕೇಳಬೇಡಿ. ಶಾಸನಸಭೆಯ ವೆಬ್‌ಸೈಟ್‌ನಲ್ಲಿ ಎಸ್ 50 ಅಂತ ಹಾಕಿದರೆ ತಾರೀಕಿನ ಸಮೇತ ಎಲ್ಲ ಸಿಗುತ್ತದೆ. ಅಲ್ಲಿ ಮಸೂದೆಯ ಪೂರ್ತಿ ಪಠ್ಯವೂ ಇದೆ. ಅದನ್ನು ತೆರೆದು ಶುರುವಿನ ಸಾಲುಗಳನ್ನು ನಿಧಾನವಾಗಿ ಓದಿ.

ಯಾಕಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಯಾರು ಪರ್ಮಿಟ್ ಇಲ್ಲದೆ ಬಚ್ಚಿಟ್ಟುಕೊಂಡು ಒಯ್ಯಬಹುದು ಅಂತ ಮಸೂದೆ ಹೇಳುತ್ತದೆ: ಅಮೆರಿಕದ ಪ್ರಜೆಯಾಗಿರಬೇಕು, 18 ವರ್ಷ ತುಂಬಿರಬೇಕು, ಬೇರೆ ಯಾವ ಕಾನೂನಿನ ಪ್ರಕಾರವೂ ಗನ್ ಇಟ್ಟುಕೊಳ್ಳಬಾರದವರ ಪಟ್ಟಿಯಲ್ಲಿ ಇರಬಾರದು. ಪ್ರಜೆ. ಗ್ರೀನ್ ಕಾರ್ಡ್‌ನವರಿಗೂ ಈ ಹೊಸ ದಾರಿ ಇಲ್ಲ. ಅವರು ಪಿಸ್ತೂಲ್ ಬಚ್ಚಿಟ್ಟು ಒಯ್ಯಬೇಕು ಅಂದರೆ ಈಗಿನ ಹಾಗೆ ಶೆರಿಫ್, ಅಂದರೆ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಪೊಲೀಸ್ ಮುಖ್ಯಸ್ಥನ ಹತ್ತಿರ ಪರ್ಮಿಟ್ ತಗೋಬೇಕು. ಎಚ್-1ಬಿ, ಎಚ್-4, ಕಂಪನಿ ವರ್ಗಾವಣೆಯ ಎಲ್-1, ವಿದ್ಯಾರ್ಥಿಗಳ ಎಫ್-1 ವೀಸಾ ಇರೋರಿಗೆ ಆ ಪರ್ಮಿಟ್ ಕೂಡ ಇಲ್ಲ, ಅದನ್ನು ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ ಕೊಡುತ್ತಾರೆ. ಹಾಗಾಗಿ ಮಸೂದೆ ಪಾಸಾದರೂ ಬಿದ್ದರೂ ನಿಮ್ಮ ಮನೆಯಲ್ಲಿ ಬದಲಾಗೋದು ಏನೂ ಇಲ್ಲ. ಪಕ್ಕದ ಮನೆಯವರ ಸೊಂಟದಲ್ಲಿ ಬದಲಾಗಬಹುದು, ಅದು ಬೇರೆ ಮಾತು.

ಕೊಡಗಿನ ಹೋಲಿಕೆ ನೀವೇ ತಂದಿದ್ದೀರಿ, ಅದು ನಿಮಗೆ ಇದನ್ನು ಬೇರೆಯವರಿಗಿಂತ ಬೇಗ ಅರ್ಥ ಮಾಡಿಸಬೇಕು. ನಮ್ಮಲ್ಲಿ ಕೋವಿಗೆ ಲೈಸೆನ್ಸ್ ಬೇಡ ಅನ್ನುತ್ತೀರಲ್ಲ, ಯಾರಿಗೆ ಬೇಡ? ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ. ಮೈಸೂರಿನಿಂದ ಬಂದು ಮಡಿಕೇರಿಯಲ್ಲಿ ಅಂಗಡಿ ಇಟ್ಟವನಿಗೆ ಆ ವಿನಾಯಿತಿ ಇಲ್ಲ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಶುರುವಾದ ವಿನಾಯಿತಿ ಅದು. ಈಗ ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ತನಕ ಮುಂದುವರಿಸಿದೆ. ಅದನ್ನು ಪ್ರಶ್ನಿಸಿದವರು ಹೈಕೋರ್ಟಿಗೆ ಹೋದರು, 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆಯಲ್ಲೂ ಮಂಗ ಓಡಿಸೋಕೆ ಕೋವಿ ಇತ್ತು, ಆದರೆ ಲೈಸೆನ್ಸ್ ಇತ್ತು. ಚುನಾವಣೆ ಘೋಷಣೆಯಾಯಿತು ಅಂದರೆ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ಹೊತ್ತುಕೊಂಡು ಹೋಗಿ ಚೀಟಿ ಬರೆಸಿಕೊಂಡು ಬರುತ್ತಿದ್ದರು, ಆ ಎರಡು ತಿಂಗಳು ಅಡಿಕೆ ತೋಟದಲ್ಲಿ ಮಂಗಗಳದ್ದೇ ರಾಜ್ಯ. ಒಂದೇ ರಾಜ್ಯ, ಒಂದೇ ಮಳೆ, ಒಂದೇ ತರಹದ ಕೋವಿ. ಕಾನೂನು ಮಾತ್ರ ಬೇರೆ. ಅದು ಕೋವಿಯನ್ನು ನೋಡೋದಿಲ್ಲ, ಹಿಡಿದವನು ಯಾರು ಅಂತ ನೋಡುತ್ತದೆ. ಇಲ್ಲೂ ಅಷ್ಟೇ.

ಇಲ್ಲಿ ಅದನ್ನು ನೋಡೋದು ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ಕಾನೂನು. ರಾಜ್ಯ ಏನೇ ಮಸೂದೆ ತರಲಿ, ಮೇಲೆ ಒಂದು ಸೂರು ಇದೆ. ಟೂರಿಸ್ಟ್, ವಿದ್ಯಾರ್ಥಿ, ಎಚ್-1ಬಿ, ಹೀಗೆ ತಾತ್ಕಾಲಿಕವಾದ, ವಲಸೆಯದಲ್ಲದ ವೀಸಾದ ಮೇಲೆ ಒಳಗೆ ಬಂದವರು ಗನ್ನನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳಬಾರದು. ಇಟ್ಟುಕೊಳ್ಳೋದು ಅಂದರೆ ಕೊಂಡು ಮನೆಗೆ ತರೋದು ಮಾತ್ರ ಅಲ್ಲ. ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಅರ್ಧ ಗಂಟೆ ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡ ಹಾಗೆಯೇ. ಶಿಕ್ಷೆ 15 ವರ್ಷದವರೆಗೆ ಆಗಬಹುದು. ಮೊದಲು 10 ಇತ್ತು, ಟೆಕ್ಸಸ್‌ನ ಯುವಾಲ್ಡಿ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತ ಮೇಲೆ 2022ರ ಜೂನ್‌ನಲ್ಲಿ ಬಂದ ಕಾನೂನು ಅದನ್ನು ಏರಿಸಿತು.

'ರೇಂಜಿಗೆಲ್ಲ ಯಾರು ಕೇಸ್ ಹಾಕುತ್ತಾರೆ ಬಿಡಿ' ಅನ್ನುತ್ತೀರಿ, ಎಲ್ಲರೂ ಅನ್ನೋದು ಇದೇ. ರೆಹೈಫ್ ಕೇಸ್ ನೋಡಿ. ಅರಬ್ ಎಮಿರೇಟ್ಸ್‌ನಿಂದ ಫ್ಲಾರಿಡಾಕ್ಕೆ ಓದಲು ಬಂದ ಹುಡುಗ. ಓದು ಕೈಕೊಟ್ಟಿತು, ಕಾಲೇಜು ಹೆಸರು ತೆಗೆದುಹಾಕಿತು, ಅದರ ಜೊತೆಗೆ ವೀಸಾ ಸ್ಥಿತಿಯೂ ಹೋಯಿತು. ಅವನು ಊರಿಗೆ ಹೋಗಲಿಲ್ಲ, ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹೊಡೆದ. ಕೆಳಗಿನ ಕೋರ್ಟು 18 ತಿಂಗಳು ಜೈಲು ಹಾಕಿತು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿ 2019ರಲ್ಲಿ ಅವನ ಪರವಾಗಿ ತೀರ್ಪು ಬಂತು. ತಾನು ನಿಷೇಧ ಇರೋ ವರ್ಗಕ್ಕೆ ಸೇರಿದವನು ಅಂತ ಅವನಿಗೆ ಗೊತ್ತಿತ್ತು ಅಂತಲೂ ಸರ್ಕಾರ ಸಾಬೀತು ಮಾಡಬೇಕು, ಅಷ್ಟು ಸಾಕ್ಷಿ ಇಲ್ಲದೆ ಶಿಕ್ಷೆ ಇಲ್ಲ ಅಂದರು. ಇದು ನಿಮಗೆ ಧೈರ್ಯ ಕೊಡಬಾರದು. ಗೊತ್ತಿರಬೇಕಾದದ್ದು ಕಾನೂನು ಅಲ್ಲ, ತನ್ನ ಸ್ಥಿತಿ. ತಾನು ಎಚ್-1ಬಿ ಮೇಲೆ ಇದ್ದೇನೆ ಅನ್ನೋದು ಯಾವ ಎಚ್-1ಬಿ ನೌಕರನಿಗೆ ಗೊತ್ತಿಲ್ಲ ಹೇಳಿ? ರಾತ್ರಿ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಐ-94, ಅಂದರೆ ಇಲ್ಲಿ ಇರಲು ಕೊಟ್ಟ ಅವಧಿ, ಮುಗಿಯುವ ತಾರೀಕು ಹೇಳುತ್ತಾನೆ.

ಇದಕ್ಕೊಂದು ಕಿಂಡಿ ಇದೆ, ಅದನ್ನು ಮುಚ್ಚಿಟ್ಟರೆ ನಾನು ಪೂರ್ತಿ ಉತ್ತರ ಕೊಟ್ಟ ಹಾಗೆ ಆಗೋದಿಲ್ಲ. ವೀಸಾದ ಮೇಲಿದ್ದರೂ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಆ ಫೆಡರಲ್ ನಿಷೇಧ ಅನ್ವಯಿಸೋದಿಲ್ಲ. ಶಿಕಾರಿಗೆ ಹೋಗೋ ವಿದೇಶಿಯರಿಗಾಗಿ ಇಟ್ಟದ್ದು. ನಮ್ಮವರಲ್ಲಿ ಕೆಲವರು ಬೇಟೆಯ ಪಾಠ ಮುಗಿಸಿ, ಆ ಲೈಸೆನ್ಸ್ ಮಾಡಿಸಿಕೊಂಡು, ರೇಂಜಿಗೆ ಹೋಗುತ್ತಾರೆ, ಗನ್ ಕೂಡ ಕೊಳ್ಳುತ್ತಾರೆ. ಜಿಂಕೆ ಕಂಡರೆ ಫೋಟೋ ತೆಗೆಯೋರು! ಕಾನೂನಿನ ಪ್ರಕಾರ ಅದು ತಪ್ಪಲ್ಲ. ಆದರೆ ಎರಡು ಮಾತು. ಒಂದು, ಆ ಲೈಸೆನ್ಸ್‌ನಿಂದ ಬಚ್ಚಿಟ್ಟುಕೊಂಡು ಒಯ್ಯುವ ಹಕ್ಕು ಬರೋದಿಲ್ಲ, ಎಸ್ 50 ಬಂದರೂ ಬರೋದಿಲ್ಲ. ಎರಡನೆಯದು ಇನ್ನೂ ಗಂಭೀರ. ಆ ಕಿಂಡಿ ಇರೋದು ವೀಸಾ ಸ್ಥಿತಿ ಸರಿಯಾಗಿ ಇರೋರಿಗೆ. ನಾಳೆ ಲೇಆಫ್ ಆಯಿತು, ಅರವತ್ತು ದಿನ ದಾಟಿತು, ಹೊಸ ಕಂಪನಿಯ ಅರ್ಜಿ ಹೋಗಲಿಲ್ಲ ಅಂದುಕೊಳ್ಳಿ. ಈಗ ನೀವು ಅನಧಿಕೃತವಾಗಿ ಇರೋರು. ಅವರಿಗೆ ಬೇಟೆ ಲೈಸೆನ್ಸಿನ ಕಿಂಡಿ ಇಲ್ಲ. ಬೀರುವಿನಲ್ಲಿ ಇಟ್ಟ ಗನ್ ತಾನಾಗಿ ಅಪರಾಧ ಆಗುತ್ತದೆ, ನೀವು ಸೋಫಾದ ಮೇಲೆ ಕೂತು ಕೆಲಸ ಹುಡುಕುತ್ತಿದ್ದರೂ ಸರಿ. ಈ ಕಾಲದಲ್ಲಿ ಲೇಆಫ್ ಯಾರಿಗೆ ಯಾವತ್ತು ಅಂತ ಹೇಳೋಕಾಗುತ್ತಾ?

ಕೊಳ್ಳೋಕೆ ಹೋದಾಗಿನ ಫಾರಂ ಬಗ್ಗೆಯೂ ಹೇಳಬೇಕು. ಲೈಸೆನ್ಸ್ ಇರೋ ಅಂಗಡಿಯಲ್ಲಿ ಯಾರೇ ಕೊಂಡರೂ 4473 ಅನ್ನೋ ಫಾರಂ ತುಂಬಬೇಕು. ಅದರಲ್ಲಿ ಯಾವ ದೇಶದ ಪ್ರಜೆ ಅಂತ ಕೇಳುತ್ತದೆ, ವಲಸೆಯದಲ್ಲದ ವೀಸಾದ ಮೇಲೆ ಬಂದವರಾ ಅಂತ ಕೇಳುತ್ತದೆ, ಹೌದು ಅಂದರೆ ವಿನಾಯಿತಿ ಇದೆಯಾ ಅಂತ ಕೇಳುತ್ತದೆ. ಒಬ್ಬ ಬೆಳಗಾವಿಯ ಹುಡುಗ ನನಗೆ ಅಂಗಡಿಯ ಪಾರ್ಕಿಂಗ್‌ನಿಂದಲೇ ಫೋನ್ ಮಾಡಿದ್ದ. ಕೌಂಟರಿನಲ್ಲಿ ಟ್ಯಾಬ್ಲೆಟ್ ಕೊಟ್ಟಿದ್ದರು, ಮೇಲಿಂದ ಕೆಳಗೆ ಟಪಟಪ ಒತ್ತುತ್ತಾ ಹೋಗಿ ಪ್ರಜೆ ಅನ್ನೋ ಜಾಗದಲ್ಲಿ ಅಮೆರಿಕ ಅಂತ ಒತ್ತಿಬಿಟ್ಟಿದ್ದ. ಸಹಿ ಮಾಡುವ ಮೊದಲು ಅಂಗಡಿಯವ ಅವನ ಡ್ರೈವಿಂಗ್ ಲೈಸೆನ್ಸಿನ ಮೇಲೆ ಇರೋ ಗುರುತು ನೋಡಿ, 'ಒಂದು ಸಲ ಪೂರ್ತಿ ಓದಿ ಬನ್ನಿ' ಅಂತ ಟ್ಯಾಬ್ಲೆಟ್ ವಾಪಸ್ ತಗೊಂಡನಂತೆ. ಆ ಅಂಗಡಿಯವನ ಪುಣ್ಯ. ಸಹಿ ಬಿದ್ದಿದ್ದರೆ ಸುಳ್ಳು ಹೇಳಿದ ಅಪರಾಧ ಒಂದು ಕಡೆ, ಅಮೆರಿಕದ ಪ್ರಜೆ ಅಂತ ಸುಳ್ಳು ಹೇಳಿಕೊಂಡ ಆರೋಪ ಇನ್ನೊಂದು ಕಡೆ. ಎರಡನೆಯದಕ್ಕೆ ವಲಸೆ ಕಾನೂನಿನಲ್ಲಿ ಕ್ಷಮೆ ಅನ್ನೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಇದನ್ನು ಕೇಳಿ ಕೆಲವರು 'ಹಾಗಾದರೆ ಸಿಟಿಜನ್ ಆಗಿರೋ ಭಾವನ ಹೆಸರಲ್ಲಿ ತಗೊಂಡರೆ?' ಅನ್ನುತ್ತಾರೆ. ದಯವಿಟ್ಟು ಬೇಡ. ಅದಕ್ಕೆ ಸ್ಟ್ರಾ ಪರ್ಚೇಸ್ ಅನ್ನುತ್ತಾರೆ, 2022ರಿಂದ ಅದಕ್ಕೇ ಬೇರೆ ಕಾನೂನು ಇದೆ, ಭಾವನಿಗೂ 15 ವರ್ಷದ ತೂಗುಗತ್ತಿ. ಒಂದೇ ಮನೆಯಲ್ಲಿ ಒಬ್ಬರು ಪ್ರಜೆ, ಇನ್ನೊಬ್ಬರು ಎಚ್-4 ಇದ್ದರೂ ಹುಷಾರಾಗಿರಬೇಕು. ಗನ್ ಇರೋ ಸೇಫಿನ ಕೋಡ್ ಇಬ್ಬರಿಗೂ ಗೊತ್ತಿದ್ದರೆ, ಕೈಗೆ ಸಿಗೋ ಹಾಗೆ ಇಟ್ಟುಕೊಂಡದ್ದೂ ಇಟ್ಟುಕೊಂಡ ಹಾಗೆಯೇ ಅಂತ ಪ್ರಾಸಿಕ್ಯೂಟರ್ ವಾದಿಸಬಹುದು.

ನಾನು ವಲಸೆ ಕೇಸುಗಳನ್ನು ನೋಡುವವನು, ಹಾಗಾಗಿ ನನಗೆ ಹೆದರಿಕೆ ಜೈಲಿನದ್ದಕ್ಕಿಂತ ಜಾಸ್ತಿ ಇನ್ನೊಂದರದ್ದು. ನಾರ್ತ್ ಕ್ಯಾರೊಲಿನಾದಲ್ಲಿ ಇವತ್ತು ಪರ್ಮಿಟ್ ಇಲ್ಲದೆ ಪಿಸ್ತೂಲ್ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ಅದು ಎರಡನೇ ದರ್ಜೆಯ ಸಣ್ಣ ಅಪರಾಧ. ಹೆಚ್ಚೆಂದರೆ 60 ದಿನ, ಬಹಳ ಸಲ ಅದೂ ಇಲ್ಲ. ಎರಡನೇ ಸಲ ಸಿಕ್ಕರೆ ದೊಡ್ಡ ಅಪರಾಧ, ಫೆಲೊನಿ. ಇಲ್ಲಿ ಹುಟ್ಟಿದವನು ಮೊದಲನೆಯದಕ್ಕೆ ದಂಡ ಕಟ್ಟಿ ಮರೆತುಬಿಡುತ್ತಾನೆ. ಆದರೆ ವಲಸೆ ಕಾನೂನಿನಲ್ಲಿ ಒಂದು ಸಾಲು ಇದೆ: ಯಾವುದೇ ಕಾನೂನಿಗೆ ವಿರುದ್ಧವಾಗಿ ಗನ್ ಕೊಂಡ, ಮಾರಿದ, ಇಟ್ಟುಕೊಂಡ, ಒಯ್ದ ಅಪರಾಧದಲ್ಲಿ ಶಿಕ್ಷೆಯಾದ ವಿದೇಶಿ ಗಡೀಪಾರಿಗೆ ಗುರಿಯಾಗುತ್ತಾನೆ. ಅದರಲ್ಲಿ ದೊಡ್ಡದು ಚಿಕ್ಕದು ಅನ್ನೋ ಭೇದ ಇಲ್ಲ, ಗ್ರೀನ್ ಕಾರ್ಡ್ ಇರೋರನ್ನೂ ಬಿಟ್ಟಿಲ್ಲ. ಹತ್ತು ವರ್ಷ ಸರದಿಯಲ್ಲಿ ಕಾದು ಕಾರ್ಡ್ ಪಡೆದವರು ಗ್ಲವ್ ಬಾಕ್ಸಿನಲ್ಲಿ ಪಿಸ್ತೂಲ್ ಇಟ್ಟುಕೊಂಡು ಹೊರಟರೆ ಆ ಹತ್ತೂ ವರ್ಷವನ್ನು ಜೊತೆಗೇ ಅದರಲ್ಲಿ ಇಟ್ಟ ಹಾಗೆ.

ಗ್ಲವ್ ಬಾಕ್ಸ್ ಅಂದೆ. ಈ ರಾಜ್ಯದ ವಿಚಿತ್ರ ನೋಡಿ. ಎಲ್ಲರಿಗೂ ಕಾಣುವ ಹಾಗೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡಲು ಇಲ್ಲಿ ಪರ್ಮಿಟ್ ಬೇಡ, ಇವತ್ತೂ ಬೇಡ. 1921ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ತೆರೆದು ಒಯ್ಯೋಕೆ ಪರ್ಮಿಟ್ ಬೇಕು ಅಂದ ಒಂದು ಕೌಂಟಿಯ ಕಾನೂನನ್ನು ಹೊಡೆದುಹಾಕಿತ್ತು. ಅಂಗಿಯನ್ನು ಮೇಲೆ ಎಳೆದುಕೊಂಡು ಮುಚ್ಚಿದಿರೋ, ಆಗ ಪರ್ಮಿಟ್ ಬೇಕು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕಾಣುವಂತೆ ಇಟ್ಟರೆ ಸರಿ, ಸೀಟಿನ ಕೆಳಗೆ ತಳ್ಳಿದರೆ ತಪ್ಪು. ಇದಕ್ಕೆ ಬೇರು ರಾಜ್ಯದ ಸಂವಿಧಾನದಲ್ಲೇ ಇದೆ. ಆಯುಧ ಹೊಂದುವ ಹಕ್ಕು ಕೊಡುವ ಮಾತಿನ ಬಾಲಕ್ಕೆ ಇನ್ನೊಂದು ಸಾಲು ಅಂಟಿಸಿದ್ದಾರೆ: ಬಚ್ಚಿಟ್ಟ ಆಯುಧ ಒಯ್ಯುವ ಅಭ್ಯಾಸವನ್ನು ಇದು ಸಮರ್ಥಿಸೋದಿಲ್ಲ, ಅದನ್ನು ತಡೆಯಲು ಶಾಸನಸಭೆ ಕಾನೂನು ಮಾಡಬಹುದು. ಆ ಕಾಲದವರ ಕಣ್ಣಲ್ಲಿ ತೆರೆದು ಒಯ್ಯುವವನು ಮರ್ಯಾದಸ್ಥ, ಬಚ್ಚಿಟ್ಟುಕೊಳ್ಳುವವನು ಕಳ್ಳ. ಈಗ ಪೂರ್ತಿ ಉಲ್ಟಾ, ದಿನಸಿ ಅಂಗಡಿಯಲ್ಲಿ ಯಾರದಾದರೂ ಸೊಂಟದಲ್ಲಿ ಪಿಸ್ತೂಲ್ ಕಂಡರೆ ನಾವು ಗಾಡಿ ತಿರುಗಿಸಿಕೊಂಡು ಪಕ್ಕದ ಸಾಲಿಗೆ ಹೋಗುತ್ತೇವೆ, ಅಲ್ವಾ?

ಬಚ್ಚಿಟ್ಟು ಒಯ್ಯುವ ಪರ್ಮಿಟ್ ಬಂದದ್ದು 1995ರಲ್ಲಿ. ಈಗ 21 ವರ್ಷ ಆಗಿರಬೇಕು, ನಿಮ್ಮ ಕೌಂಟಿಯ ಶೆರಿಫ್ ಹತ್ತಿರ 80 ಡಾಲರ್ ಕಟ್ಟಬೇಕು, ಬೆರಳಚ್ಚು ಕೊಡಬೇಕು, ಒಂದು ಕೋರ್ಸ್ ಮಾಡಿರಬೇಕು. ಐದು ವರ್ಷ ನಡೆಯುತ್ತದೆ. ನನಗೆ ಪೌರತ್ವ ಬಂದ ಮೇಲೆ ಕಕ್ಷಿದಾರರಿಗೆ ಸರಿಯಾಗಿ ಹೇಳೋಕೆ ಬೇಕು ಅಂತ ನಾನೂ ಆ ಕೋರ್ಸ್ ಮಾಡಿದೆ. ಶನಿವಾರ ಇಡೀ ದಿನ, ಒಂದು ಗನ್ ಅಂಗಡಿಯ ಹಿಂದಿನ ರೂಮಿನಲ್ಲಿ, ಮಡಿಸುವ ಕುರ್ಚಿಗಳ ಮೇಲೆ. ಪಾಠದಲ್ಲಿ ಅರ್ಧಕ್ಕರ್ಧ ಗನ್ ಬಗ್ಗೆ ಅಲ್ಲ, ಯಾವಾಗ ಹೊಡೆಯಬಾರದು ಅನ್ನೋದರ ಬಗ್ಗೆ. ಕಳ್ಳ ಓಡಿಹೋಗುತ್ತಿದ್ದರೆ? ಹೊಡೆಯಬಾರದು. ನಿಮ್ಮ ಕಾರು ಕದ್ದು ಹೋಗುತ್ತಿದ್ದರೆ? ಹೊಡೆಯಬಾರದು. ಒಂದೇ ಒಂದು ಬಿಯರ್ ಕುಡಿದಿದ್ದರೆ? ಒಯ್ಯಲೇ ಬಾರದು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ವಯಸ್ಸಾದವರು ಪ್ರತಿ ಉತ್ತರಕ್ಕೂ ತಲೆ ಅಲ್ಲಾಡಿಸುತ್ತಿದ್ದರು, ಒಪ್ಪಿಗೆಗಲ್ಲ, ಆಶ್ಚರ್ಯಕ್ಕೆ. ಆಮೇಲೆ 3, 5, 7 ಗಜ ದೂರದಿಂದ ಗುರಿ ಪರೀಕ್ಷೆ. ಏಳು ಗಜ ಅಂದರೆ ನಮ್ಮ ಅಡಿಕೆ ಒಣಗಿಸೋ ಅಂಗಳದ ಕಾಲು ಭಾಗವೂ ಇಲ್ಲ, ಆದರೂ ನಮ್ಮ ಬ್ಯಾಚಿನಲ್ಲಿ ಇಬ್ಬರಿಗೆ ಎರಡು ಸಲ ಹೊಡೆಯಬೇಕಾಯಿತು. ನಾನು ಕೋರ್ಸ್ ಮುಗಿಸಿದೆ, ಪಿಸ್ತೂಲ್ ಕೊಳ್ಳಲಿಲ್ಲ.

ಎಸ್ 50 ತೆಗೆಯೋದು ಮುಖ್ಯವಾಗಿ ಆ ಶನಿವಾರವನ್ನು, ಮತ್ತು ಶೆರಿಫ್ ಮಾಡುವ ತಪಾಸಣೆಯನ್ನು. ಪರ್ಮಿಟ್ ಪದ್ಧತಿ ಇರುತ್ತದೆ, ಆದರೆ ಬೇಕಾದವರಿಗೆ ಮಾತ್ರ. ಬೆಂಬಲಿಸುವವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸಂವಿಧಾನ ಕೊಟ್ಟ ಹಕ್ಕಿಗೆ ಫೀಸು ಯಾಕೆ, ರಾತ್ರಿ ಪಾಳಿ ಮಾಡುವ ಬಡ ಹೆಂಗಸಿಗೆ ಶನಿವಾರ ಬಿಡುವು ಎಲ್ಲಿದೆ, ಕೆಟ್ಟವರು ಹೇಗೂ ಪರ್ಮಿಟ್ ಕೇಳೋದಿಲ್ಲ ಅನ್ನುತ್ತಾರೆ. ಇಲ್ಲಿ ಪಿಸ್ತೂಲ್ ಕೊಳ್ಳೋಕೂ ಶೆರಿಫ್ ಪರ್ಮಿಟ್ ಬೇಕು ಅನ್ನೋ ಕಾನೂನು 1919ರಿಂದ ಇತ್ತು. ಅದು ಕರಿಯರ ಕೈಗೆ ಗನ್ ಸಿಗದ ಹಾಗೆ ನೋಡಿಕೊಳ್ಳಲು ಬಳಕೆಯಾಯಿತು ಅನ್ನೋದೂ ಅದನ್ನು ತೆಗೆಯಬೇಕು ಅಂದವರ ವಾದಗಳಲ್ಲಿ ಒಂದು. 2023ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿದರು, ಆಗಲೂ ವೀಟೊ ಮುರಿದೇ. ಹಾಗಾಗಿ ಖಾಸಗಿಯಾಗಿ ಒಬ್ಬರಿಂದ ಒಬ್ಬರು ಕೊಳ್ಳುವಾಗ ಈಗ ಇಲ್ಲಿ ಯಾವ ತಪಾಸಣೆಯೂ ಇಲ್ಲ. ಅದರ ಮೇಲೆ ತರಬೇತಿಯೂ ಹೋಗುತ್ತದೆ ಅನ್ನೋದೇ ನನಗೆ ಒಗ್ಗದ ಮಾತು. ಎಂಟು ಗಂಟೆಯ ಪಾಠ ದೊಡ್ಡ ಹೊರೆ ಅಂತ ನನಗೆ ಅನ್ನಿಸೋದಿಲ್ಲ, ಫೀಸು ಹೊರೆಯಾದರೆ ಫೀಸು ತೆಗೆಯಲಿ. ಸುಪ್ರೀಂ ಕೋರ್ಟು ಕೂಡ 2022ರ ಬ್ರೂಯೆನ್ ತೀರ್ಪಿನಲ್ಲಿ, ವಿಶೇಷ ಕಾರಣ ತೋರಿಸಿದವರಿಗೆ ಮಾತ್ರ ಪರ್ಮಿಟ್ ಕೊಡುವ ನ್ಯೂಯಾರ್ಕಿನ ಕಾನೂನನ್ನು ಹೊಡೆದುಹಾಕಿದಾಗ, ತಪಾಸಣೆ ಮತ್ತು ಕೋರ್ಸ್ ಕೇಳಿ ಅರ್ಹರಿಗೆಲ್ಲ ಪರ್ಮಿಟ್ ಕೊಡುವ ರಾಜ್ಯಗಳ ಪದ್ಧತಿಯನ್ನು ಮುಟ್ಟಲಿಲ್ಲ. ನಾರ್ತ್ ಕ್ಯಾರೊಲಿನಾದ ಪದ್ಧತಿ ಅಂಥದ್ದೇ.

ಹದಿನೆಂಟರ ವಿಷಯದಲ್ಲೊಂದು ತಮಾಷೆ. ಲೈಸೆನ್ಸ್ ಇರೋ ಅಂಗಡಿ 21ರ ಕೆಳಗಿನವರಿಗೆ ಪಿಸ್ತೂಲ್ ಮಾರಬಾರದು ಅಂತ ಫೆಡರಲ್ ಕಾನೂನು ಹೇಳುತ್ತದೆ. ಅಂದರೆ ಎಸ್ 50 ಬಂದರೆ 18ರ ಹುಡುಗ ಒಯ್ಯಬಹುದು, ಅಂಗಡಿಯಲ್ಲಿ ಕೊಳ್ಳಲು ಆಗೋದಿಲ್ಲ. ಖಾಸಗಿಯಾಗಿ ತಗೋಬೇಕು, ಅಲ್ಲಿ ತಪಾಸಣೆ ಇಲ್ಲ.

ಶಾರ್ಲಟ್ ಕಡೆ ಇರೋ ನಮ್ಮವರಿಗೆ ಇನ್ನೊಂದು ಮಾತು. ಫೋರ್ಟ್ ಮಿಲ್‌ನಲ್ಲಿ ಮನೆ, ಶಾರ್ಲಟ್‌ನಲ್ಲಿ ಆಫೀಸು ಇರೋರು ದಿನಾ ಗಡಿ ದಾಟುತ್ತಾರೆ. ಸೌತ್ ಕ್ಯಾರೊಲಿನಾದಲ್ಲಿ 2024ರ ಮಾರ್ಚ್‌ನಿಂದ ಪರ್ಮಿಟ್ ಬೇಡ. ಬೆಳಿಗ್ಗೆ ಮನೆಯಿಂದ ಹೊರಟಾಗ ಸರಿ ಇದ್ದದ್ದು ಐ-77ರಲ್ಲಿ ಒಂದು ಬೋರ್ಡ್ ದಾಟಿದ ಕೂಡಲೇ ತಪ್ಪಾಗುತ್ತದೆ. ಆಫೀಸಿನಲ್ಲಿ ಪೌರತ್ವ ಇರೋ ಯಾರಾದರೂ 'ನಮ್ಮ ಕಡೆ ಏನೂ ಬೇಡಪ್ಪ' ಅಂದರೆ ಅವರ ಮನೆ ಯಾವ ಕಡೆ ಅಂತ ಕೇಳಿ.

ಪೌರತ್ವ ಬಂದಿರೋ ಓದುಗರಿಗೂ ಹೇಳುತ್ತೇನೆ, ಎಸ್ 50 ಬಂದರೂ ಪರ್ಮಿಟ್ ಮಾಡಿಸಿ. ಶಾಲೆಯ ಸುತ್ತ 1000 ಅಡಿಯೊಳಗೆ ಗನ್ ಒಯ್ಯಬಾರದು ಅಂತ ಇನ್ನೊಂದು ಫೆಡರಲ್ ಕಾನೂನು ಇದೆ, ಅದರಲ್ಲಿ ರಾಜ್ಯದ ಪರ್ಮಿಟ್ ಇರೋರಿಗೆ ವಿನಾಯಿತಿ, 'ನಮ್ಮ ರಾಜ್ಯದಲ್ಲಿ ಪರ್ಮಿಟ್ಟೇ ಬೇಡ' ಅನ್ನೋರಿಗೆ ಇಲ್ಲ. ಮಾರಿಸ್‌ವಿಲ್‌ನಂಥ ಊರಲ್ಲಿ ಶಾಲೆಯಿಂದ 1000 ಅಡಿ ತಪ್ಪಿಸಿಕೊಂಡು ಹಾಲು ತರೋಕಾದರೂ ಆಗುತ್ತಾ? ಶಾಲೆಯ ಆವರಣದ ಒಳಗಂತೂ ಈ ರಾಜ್ಯದಲ್ಲಿ ಸಾಮಾನ್ಯವಾಗಿ ಫೆಲೊನಿ. ಮಗುವನ್ನು ಬಿಡೋ ಸಾಲಿನಲ್ಲಿ ಕಾರು ನಿಲ್ಲಿಸಿದಾಗ ನೀವು ಆವರಣದ ಒಳಗೇ ಇರುತ್ತೀರಿ.

ಇನ್ನೊಂದು ಕಡೆ ಕಣ್ಣು ಹಾಯಿಸಿ ಮುಂದೆ ಹೋಗೋಣ. ಮನೆಯಲ್ಲಿ ರಕ್ಷಣೆಗೆ ಒಂದಿರಲಿ ಅನ್ನೋದು ಎಲ್ಲರೂ ಕೊಡುವ ಕಾರಣ. 2021ರಲ್ಲಿ ಅಮೆರಿಕದಲ್ಲಿ ಗನ್ನಿನಿಂದ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಲೆಯಲ್ಲ, ಆತ್ಮಹತ್ಯೆ.

ಕೊನೆಗೆ ತಾತನ ಕೋವಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಖುಷಿ ಕೊಟ್ಟದ್ದು ಇದೇ. ಕೇಪು ಕೋವಿ ಅಂದಿರಿ. ಅಂದರೆ ನಳಿಗೆಯ ಬಾಯಿಂದ ಮದ್ದಿನ ಪುಡಿ, ಚರೆ ತುಂಬಿ, ಗಜದಿಂದ ಗಿಡಿದು, ಕೇಪು ಸಿಕ್ಕಿಸಿ ಹೊಡೆಯೋದು, ತೋಟಾ ಹಾಕೋ ಕೋವಿ ಅಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು, ಇಲ್ಲವೇ ತೋಟಾ ಬಳಸಲಾಗದ, ಮದ್ದಿನ ಪುಡಿ ತುಂಬುವ ಇಂಥ ಕೋವಿ 'ಆಂಟೀಕ್' ಅನ್ನಿಸಿಕೊಳ್ಳುತ್ತದೆ, ಅದನ್ನು ಗನ್ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಮೇಲೆ ಇಷ್ಟುದ್ದ ಹೆದರಿಸಿದ ನಿಷೇಧ ಅದಕ್ಕೆ ಇಲ್ಲ. ರೇಂಜಿನ ಪಿಸ್ತೂಲ್ ಮುಟ್ಟಬಾರದ ನಿಮಗೆ ತಾತನ ಕೋವಿ ಗೋಡೆಗೆ ತೂಗುಹಾಕಲು ಫೆಡರಲ್ ಕಾನೂನಿನ ಅಡ್ಡಿ ಇಲ್ಲ! ಕಷ್ಟ ಇರೋದು ಆ ತುದಿಯಲ್ಲಿ. ಭಾರತದಿಂದ ಆಯುಧ ಹೊರಗೆ ಕಳಿಸಲು ಸರ್ಕಾರದ ಅನುಮತಿ ಬೇಕು, ಮತ್ತೆ ನೂರು ವರ್ಷ ದಾಟಿದ ವಸ್ತು ಆದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಖಾಸಗಿಯವರು ರಫ್ತು ಮಾಡುವಂತಿಲ್ಲ ಅಂತ ಕಸ್ಟಮ್ಸ್‌ನವರು ತಡೆಯಬಹುದು. ಹಳೆಯದು ಅಂತ ಇವರು ಬಿಡುತ್ತಾರೆ, ಹಳೆಯದು ಅಂತಲೇ ಅವರು ಹಿಡಿಯುತ್ತಾರೆ. ಕೋವಿ ವಿರಾಜಪೇಟೆಯಲ್ಲೇ ಇರಲಿ, ಸೆಪ್ಟೆಂಬರ್‌ನಲ್ಲಿ ಆಯುಧ ಪೂಜೆಯ ಕೈಲ್‌ಪೊಳ್ದ್ ಹಬ್ಬಕ್ಕೆ ರಜೆ ಹಾಕಿ ಹೋಗಿ, ನೀವೇ ಅದರ ನಳಿಗೆಗೆ ತೋಕ್ ಪೂ ಹೂವು ಸಿಕ್ಕಿಸಿ ಬನ್ನಿ. ಹೋಗುವ ಮೊದಲು ವೀಸಾ ಸ್ಟಾಂಪಿಂಗ್ ತಾರೀಕು ಮಾತ್ರ ನೋಡಿಕೊಳ್ಳಿ.